ಗಾರ್ಮಿನ್ ಅಪ್ರೋಚ್ ಆರ್10: ಬಳ್ಳಾರಿ ಬಿಸಿಲಲ್ಲಿ ಯಾವ ಅಂಕಿಯನ್ನು ಎಷ್ಟು ನಂಬಬೇಕು

ಬಳ್ಳಾರಿಯಲ್ಲಿದ್ದು ಗಾಲ್ಫ್ ಅಭ್ಯಾಸ ಮಾಡುವವರಿಗೆ ಕ್ಲಬ್ಬೂ ಚೆಂಡೂ ಆನ್‌ಲೈನ್‌ನಲ್ಲಿ ಸಿಕ್ಕಿಬಿಡುತ್ತವೆ. ಪಕ್ಕದಲ್ಲಿ ನಿಂತು ನೋಡಿ ತಿದ್ದುವ ಕೋಚ್ ಮಾತ್ರ ಸಿಗುವುದಿಲ್ಲ. ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಆಗಲಿ, 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಆಗಲಿ ಮುನ್ನೂರು ಕಿಲೋಮೀಟರ್ ದೂರ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ ಬೀಳುತ್ತದೆ, ಆದರೂ ವಾರವಾರ ಹೋಗಿಬರುವ ದಾರಿ ಅಲ್ಲ. ಹೀಗಿರುವಾಗ ಚೆಂಡು ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ, ಯಾವ ದಿಕ್ಕಿಗೆ ಹೊರಟಿತು ಎಂದು ಹೇಳುವ ಲಾಂಚ್ ಮಾನಿಟರ್ ಒಂದಿದ್ದರೆ ಅರ್ಧ ಕೋಚ್ ಮನೆಗೆ ಬಂದಂತೆ. ಉಳಿದರ್ಧ ನಾವು ಆ ಅಂಕಿಗಳನ್ನು ಹೇಗೆ ಓದುತ್ತೇವೆ ಎಂಬುದರ ಮೇಲೆ ನಿಂತಿದೆ.

ಆರ್10 ಅಂಗೈಯಗಲದ ಡಾಪ್ಲರ್ ರಾಡಾರ್. 2021ರಲ್ಲಿ ಬಂತು, ಆಗ ಅಮೆರಿಕದಲ್ಲಿ ಬೆಲೆ 600 ಡಾಲರ್. ವೃತ್ತಿಪರರು ಬಳಸುವ ಟ್ರ್ಯಾಕ್‌ಮ್ಯಾನ್ 4ರ ಬೆಲೆ 20,000 ಡಾಲರ್‌ಗೂ ಮೇಲೆ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಪೆಟ್ಟಿಗೆಯಲ್ಲಿ ಮಾನಿಟರ್, ಪುಟ್ಟ ಟ್ರೈಪಾಡ್ ಸ್ಟ್ಯಾಂಡ್, ಫೋನನ್ನು ಬ್ಯಾಗಿಗೆ ಸಿಕ್ಕಿಸುವ ಕ್ಲಿಪ್, ಚಾರ್ಜಿಂಗ್ ಕೇಬಲ್ ಇರುತ್ತವೆ. ಬ್ಯಾಟರಿ 10 ಗಂಟೆಯವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಅಂಕಿಗಳು ಬ್ಲೂಟೂತ್ ಮೂಲಕ ಫೋನಿನ ಗಾರ್ಮಿನ್ ಗಾಲ್ಫ್ ಆಪ್‌ಗೆ ಬರುತ್ತವೆ. ಡ್ರೈವಿಂಗ್ ರೇಂಜ್ ವಿಭಾಗಕ್ಕೆ ಹಣ ಕಟ್ಟಬೇಕಿಲ್ಲ. ಪರದೆ ಮೇಲೆ ಕೋರ್ಸ್ ಆಡಿಸುವ ಹೋಮ್ ಟೀ ಹೀರೋ ಬೇಕೆಂದರೆ ಚಂದಾ ಕಟ್ಟಬೇಕು. ಸ್ವಿಂಗ್ ತಿದ್ದಿಕೊಳ್ಳುವುದೇ ಉದ್ದೇಶವಾಗಿದ್ದರೆ ಆ ಚಂದಾ ಬೇಡ.

ಕಂಪನಿಯೇ ಒಪ್ಪಿಕೊಂಡಿರುವ ಹೆಚ್ಚುಕಮ್ಮಿ ಹೀಗಿದೆ: ಚೆಂಡಿನ ವೇಗದಲ್ಲಿ ಗಂಟೆಗೆ 1 ಮೈಲಿ, ಕ್ಲಬ್ ತಲೆಯ ವೇಗದಲ್ಲಿ 3 ಮೈಲಿ, ಲಾಂಚ್ ಆಂಗಲ್‌ನಲ್ಲೂ (ಚೆಂಡು ಮೇಲಕ್ಕೆ ಹೊರಟ ಕೋನ) ಹೊರಟ ದಿಕ್ಕಿನಲ್ಲೂ 1 ಡಿಗ್ರಿ, ಕ್ಯಾರಿ ದೂರದಲ್ಲಿ (ನೆಲ ಮುಟ್ಟುವವರೆಗೆ ಗಾಳಿಯಲ್ಲಿ ಹಾರಿದ ದೂರ) 5 ಗಜ. ಈ ಸಾಲನ್ನು ಬರೆದಿಟ್ಟುಕೊಳ್ಳಿ. ನಿನ್ನೆಗಿಂತ ಇವತ್ತು ಕ್ಲಬ್ ವೇಗ 2 ಮೈಲಿ ಏರಿದೆ ಎಂದು ಒಂದೇ ಹೊಡೆತ ನೋಡಿ ಹಿಗ್ಗಲು ಇಲ್ಲಿ ಜಾಗವಿಲ್ಲ, ಅಷ್ಟು ವ್ಯತ್ಯಾಸ ಯಂತ್ರದೊಳಗೇ ಇದೆ.

ಚೆಂಡಿನ ವೇಗ, ಲಾಂಚ್ ಆಂಗಲ್, ಹೊರಟ ದಿಕ್ಕು, ಈ ಮೂರನ್ನು ಗಟ್ಟಿಯಾಗಿ ನಂಬಬಹುದು. ಇವುಗಳ ಹಿಂದೆಯೇ ಕ್ಲಬ್ ವೇಗ. ಕ್ಲಬ್ ಪಾತ್ (ಚೆಂಡಿಗೆ ತಾಕುವಾಗ ಕ್ಲಬ್ ಎಡಕ್ಕೋ ಬಲಕ್ಕೋ ಸಾಗುವ ದಾರಿ) ಮತ್ತು ಅಟ್ಯಾಕ್ ಆಂಗಲ್ (ಕ್ಲಬ್ ಮೇಲಕ್ಕೋ ಕೆಳಕ್ಕೋ ಸಾಗುವ ಕೋನ) ಎತ್ತ ವಾಲುತ್ತಿವೆ ಎಂದು ತಿಳಿಯಲು ಸಾಕು. ಫೇಸ್ ಆಂಗಲ್ (ಕ್ಲಬ್ ಮುಖ ತಿರುಗಿದ ಕೋನ) ಮತ್ತು ಸ್ಪಿನ್ ಆಕ್ಸಿಸ್ (ಚೆಂಡು ತಿರುಗುವ ಅಕ್ಷ ಎಷ್ಟು ವಾಲಿದೆ ಎಂಬುದು) ಲೆಕ್ಕದಿಂದ ಬಂದವು. ಅಷ್ಟು ಚಿಕ್ಕ ರಾಡಾರ್ ಕ್ಲಬ್ಬಿನ ಮುಖ ಎತ್ತ ತಿರುಗಿದೆ ಎಂದು ನೇರವಾಗಿ ಕಾಣಲಾರದು. ಚೆಂಡು ಹೊರಟ ದಿಕ್ಕು ಮತ್ತು ಪಾತ್ ಎರಡನ್ನೂ ಇಟ್ಟುಕೊಂಡು ಮುಖ ಇಲ್ಲಿದ್ದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಸ್ಪಿನ್ ರೇಟ್ (ಚೆಂಡು ನಿಮಿಷಕ್ಕೆ ತಿರುಗುವ ಸುತ್ತು) ಕೂಡ ಬಯಲಲ್ಲಿ ಪರವಾಗಿಲ್ಲ. ನೆಟ್‌ಗೆ ಹೊಡೆದಾಗ ಚೆಂಡು ಹಾರುವ ದೂರ ಕಡಿಮೆಯಾಗಿ ಅಂದಾಜಿನ ಪಾಲು ಹೆಚ್ಚುತ್ತದೆ. 7-ಐರನ್ (ಮಧ್ಯಮ ದೂರದ ಕ್ಲಬ್) ಸ್ಪಿನ್ ಪ್ರತಿ ಹೊಡೆತಕ್ಕೂ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸುತ್ತಿದ್ದರೆ ಅದು ನಿಮ್ಮ ಸ್ಥಿರತೆಯಿಂದ ಬಂದದ್ದಲ್ಲ, ಅಂದಾಜಿನಿಂದ ಬಂದದ್ದು.

ಇಡುವ ರೀತಿಗೆ ಬರೋಣ. ಯಂತ್ರದ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ.

ಚೆಂಡಿನ ಹಿಂದೆ 6ರಿಂದ 8 ಅಡಿ ದೂರದಲ್ಲಿ, ಗುರಿಯ ಗೆರೆಯ ಮೇಲೆಯೇ, ಚೆಂಡು ಕೂತ ಮಟ್ಟದಲ್ಲೇ ಮಾನಿಟರ್ ಇರಬೇಕು. ಎರಡು ಮೀಟರ್ ಹಿಂದಿಟ್ಟ ಯಂತ್ರ ಮೂರೂವರೆ ಸೆಂಟಿಮೀಟರ್ ಪಕ್ಕಕ್ಕೆ ಸರಿದು, ಅಲ್ಲಿಂದ ಚೆಂಡಿನ ನೇರಕ್ಕೆ ಮುಖ ಮಾಡಿದರೆ ದಿಕ್ಕಿನ ಅಂಕಿಯೆಲ್ಲ 1 ಡಿಗ್ರಿ ಹೊರಳುತ್ತದೆ. 150 ಗಜದ ಹೊಡೆತಕ್ಕೆ 1 ಡಿಗ್ರಿ ಎಂದರೆ 2.6 ಗಜ, 3 ಡಿಗ್ರಿ ತಪ್ಪಿದರೆ ಸುಮಾರು 8 ಗಜ. ನೀವು ನೇರ ಹೊಡೆದದ್ದನ್ನು ಆಪ್ ಬಲಕ್ಕೆ ಹೋಯಿತು ಎನ್ನುತ್ತದೆ, ನೀವು ಸರಿಯಿದ್ದ ಸ್ವಿಂಗ್ ಅನ್ನು ತಿದ್ದಲು ಕೂರುತ್ತೀರಿ. ಕಣ್ಣಳತೆಗೆ ಬಿಡಬೇಡಿ. ಗೋಡೆ ಕಟ್ಟುವಾಗ ಮೇಸ್ತ್ರಿಗಳು ಹಿಡಿಯುವ ದಾರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಗುರಿಯ ಕಡೆಗೆ ಐದಾರು ಮೀಟರ್ ಮುಂದೆ ಒಂದು ಮೊಳೆ, ಯಂತ್ರದ ಹಿಂದೆ ಒಂದು ಮೊಳೆ, ನಡುವೆ ದಾರ ಬಿಗಿಯಿರಿ. ದಾರದ ಕೆಳಗೆ ಚೆಂಡು, ದಾರದ ಕೆಳಗೇ ಯಂತ್ರದ ಮಧ್ಯಭಾಗ. ಸರಿಹೊಂದಿದ ಮೇಲೆ ದಾರ ತೆಗೆದು ಹೊಡೆಯಿರಿ. ಚೆಂಡು ಇಡುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹತ್ತು ಹೊಡೆತವಾಗುವಷ್ಟರಲ್ಲಿ ಚೆಂಡಿಡುವ ಕೈ ತಾನಾಗಿಯೇ ನಾಲ್ಕು ಬೆರಳು ಆಚೆ ಈಚೆ ಸರಿದಿರುತ್ತದೆ.

ಮಟ್ಟದ ಮಾತು ಇನ್ನೂ ಮುಖ್ಯ. ಹೊಡೆಯುವ ಮ್ಯಾಟ್ ನೆಲದಿಂದ ಎರಡು ಮೂರು ಸೆಂಟಿಮೀಟರ್ ಎತ್ತರ ಇರುತ್ತದೆ. ಯಂತ್ರವನ್ನು ಬರೀ ನೆಲದ ಮೇಲಿಟ್ಟರೆ ಅದಕ್ಕೆ ಚೆಂಡು ಗಾಳಿಯಲ್ಲಿ ಇದ್ದಂತೆ. ಇದಕ್ಕೆ ನಮ್ಮ ಕಡೆಯ ಪರಿಹಾರ ಕಡಪ ಕಲ್ಲು. ಒಂದಡಿ ಚೌಕದ ತುಂಡು ಸುಮ್ಮನೆ ಬಿದ್ದಿರದ ಮನೆಯೇ ಇಲ್ಲ. ಅದನ್ನು ಮ್ಯಾಟಿನ ಎತ್ತರಕ್ಕೆ ಹೊಂದಿಸಿ, ಮಟ್ಟಗೋಲು ಇಟ್ಟು ನೋಡಿ, ಅದರ ಮೇಲೆ ಟ್ರೈಪಾಡ್ ನಿಲ್ಲಿಸಿ. ಭಾರವಾದ್ದರಿಂದ ಗಾಳಿಗೂ ಕಾಲ ಸದ್ದಿಗೂ ಅಲುಗಾಡುವುದಿಲ್ಲ.

ತಾರಸಿಯಲ್ಲೋ ಹಿತ್ತಲಲ್ಲೋ ನೆಟ್ ಕಟ್ಟುವುದಾದರೆ ಚೆಂಡಿನಿಂದ ನೆಟ್‌ಗೆ ಕನಿಷ್ಠ 8 ಅಡಿ ಬಿಡಬೇಕು. ಹಿಂದಿನ 6 ಅಡಿ ಸೇರಿಸಿದರೆ ಒಟ್ಟು 14 ಅಡಿ, ನೆಟ್ ಹಿಂದೆ ಉಬ್ಬಲು ಇನ್ನೊಂದೆರಡು ಅಡಿ. ಕ್ರಿಕೆಟ್ ನೆಟ್ ಇದೆಯಲ್ಲ ಎಂದು ಅದನ್ನೇ ಕಟ್ಟಬೇಡಿ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರ್, ಕ್ರಿಕೆಟ್ ನೆಟ್‌ನ ಕಣ್ಣು ಎಷ್ಟೋ ಸಲ ಅದಕ್ಕಿಂತ ದೊಡ್ಡದು, ಚೆಂಡು ನುಸುಳಿ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿಗೆ ಹೋಗುತ್ತದೆ. ನರ್ಸರಿಯ ಹಸಿರು ಶೇಡ್ ನೆಟ್ ಹೊಡೆತ ತಡೆಯುವುದಿಲ್ಲ, ಹರಿಯುತ್ತದೆ. 25 ಮಿಲಿಮೀಟರ್ ಒಳಗಿನ ಕಣ್ಣಿನ ದಪ್ಪ ನೈಲಾನ್ ಬಲೆಯೇ ಬೇಕು, ಅದನ್ನೂ ಬಿಗಿಯಾಗಿ ಎಳೆದು ಕಟ್ಟದೆ ಸಡಿಲವಾಗಿ ಇಳಿಬಿಡಬೇಕು. ಬಿಗಿ ಬಲೆ ಚೆಂಡನ್ನು ತಿರುಗಿ ನಿಮ್ಮ ಮೊಣಕಾಲಿಗೇ ಕಳಿಸುತ್ತದೆ. ಡಾಪ್ಲರ್ ರಾಡಾರ್ ಕಾಣುವುದು ಚಲಿಸುವುದನ್ನು, ಹಾಗಾಗಿ ಓಡುವ ಫ್ಯಾನ್ ಅದರ ಕಣ್ಣಿಗೆ ಬೀಳದಿರಲಿ. ಸುತ್ತ ತಗಡಿನ ಶೆಡ್ ಇದ್ದರೆ ಅಲೆಗಳು ಪುಟಿದು ಓದಿಕೆ ಕೆಡುವುದುಂಟು. ಒಳಾಂಗಣದಲ್ಲಿ ಸ್ಪಿನ್ ನಿಖರವಾಗಿ ಬೇಕೆಂದರೆ ರಾಡಾರ್‌ಗೆಂದೇ ಮಾಡಿದ ಟೈಟಲಿಸ್ಟ್ ಪ್ರೊ ವಿ1 ಆರ್‌ಸಿಟಿ ಚೆಂಡುಗಳಿವೆ. ದುಬಾರಿ. ಬಯಲಿನಲ್ಲಿ ಹೊಡೆಯುವವರಿಗೆ ಅವುಗಳ ಅಗತ್ಯ ಬೀಳುವುದಿಲ್ಲ.

ಬಯಲು ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಜೋಳವೋ ಹತ್ತಿಯೋ ಮುಗಿದ ಎರೆ ಹೊಲ. ಮಾರ್ಚ್‌ನಿಂದ ಮೇವರೆಗೆ ಖಾಲಿ ಇರುತ್ತದೆ. ಹೊಲದವರ ಒಪ್ಪಿಗೆ ಕೇಳಿ, ಮುಂದೆ 250 ಮೀಟರ್ ತೆರಪಾಗಿದೆಯೇ ನೋಡಿ. ಕಟಾವಾದ ಹೊಲಕ್ಕೆ ಕುರಿ ಹಿಂಡು ಬರುತ್ತದೆ; ಕುರಿ ಕಂಡರೆ ಕ್ಲಬ್ ಕೆಳಗಿಡಿ, 46 ಗ್ರಾಂ ಚೆಂಡು ಆ ವೇಗದಲ್ಲಿ ಪ್ರಾಣ ತೆಗೆಯಬಲ್ಲದು. ಎರೆ ಮಣ್ಣು ಬಿಸಿಲಿಗೆ ಬಾಯಿ ಬಿಟ್ಟಾಗ ಬಿರುಕಿನೊಳಗೆ ಚೆಂಡು ಇಳಿದು ಹೋಗುವುದು ಮಾಮೂಲು, ಬಿಳಿ ಚೆಂಡಿಗಿಂತ ಗಾಢ ಕಿತ್ತಳೆ ಬಣ್ಣದ್ದು ಹುಡುಕಲು ಸುಲಭ. ಇಂಥ ನೆಲದಲ್ಲಿ ಆಪ್ ತೋರಿಸುವ ಒಟ್ಟು ದೂರಕ್ಕೆ ಅರ್ಥವಿಲ್ಲ, ಅದು ಹುಲ್ಲಿನ ಫೇರ್‌ವೇ ಮೇಲೆ ಚೆಂಡು ಉರುಳುವ ಲೆಕ್ಕ. ಕ್ಯಾರಿ ಒಂದನ್ನೇ ನೋಡಿ. ಅಳತೆ ಟೇಪ್ ಹಿಡಿದು 100, 120, 140 ಗಜಕ್ಕೆ ಗೂಟ ನೆಟ್ಟರೆ ಚೆಂಡು ಮೊದಲು ದೂಳೆಬ್ಬಿಸಿದ ಜಾಗವನ್ನೂ ಆಪ್‌ನ ಅಂಕಿಯನ್ನೂ ಪಕ್ಕಪಕ್ಕ ಇಡಬಹುದು. ಗಾಳಿಯಿಲ್ಲದ ಬೆಳಗ್ಗೆ ಎರಡೂ ಹತ್ತಿರ ಬರಬೇಕು. ಬರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಚೆಂಡನ್ನು. ಅಗ್ಗದ ರೇಂಜ್ ಚೆಂಡು, ಸವೆದ ಹಳೆ ಚೆಂಡು, ಹೊಸ ಚೆಂಡು ಮೂರೂ ಬೆರೆತ ಬುಟ್ಟಿಯಿಂದ ಹೊಡೆದರೆ ಬರುವ ಏರಿಳಿತ ನಿಮ್ಮದೋ ಚೆಂಡಿನದೋ ಹೇಳಲು ಯಾರಿಂದಲೂ ಆಗದು. ಒಂದೇ ಬ್ರಾಂಡಿನ, ಒಂದೇ ವಯಸ್ಸಿನ ಹತ್ತು ಹನ್ನೆರಡು ಚೆಂಡು ಬೇರೆ ತೆಗೆದಿಡಿ.

ಜೂನ್ ಜುಲೈನ ಪಡುವಣ ಗಾಳಿಯಲ್ಲಿ ಗೂಟ ಮತ್ತು ಆಪ್ ಹೊಂದುವುದಿಲ್ಲ. ಯಂತ್ರ ಹಾರಾಟದ ಆರಂಭವನ್ನು ಹಿಡಿದು ಉಳಿದದ್ದನ್ನು ಲೆಕ್ಕ ಹಾಕುತ್ತದೆ, ನೂರು ಗಜದಾಚೆ ಗಾಳಿ ಚೆಂಡನ್ನು ಎತ್ತ ತಳ್ಳಿತು ಎಂಬುದು ಅದಕ್ಕೆ ಗೊತ್ತಾಗದು. ಸ್ವಿಂಗ್ ತಿದ್ದುವವರಿಗೆ ಇದು ಅನುಕೂಲವೇ, ಗಾಳಿಯ ಪಾಲು ಕಳೆದ ಅಂಕಿ ಸಿಗುತ್ತದೆ. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,600 ಅಡಿ ಮೇಲಿದೆ. ಅಷ್ಟು ಎತ್ತರಕ್ಕೆ ಚೆಂಡು ಶೇಕಡ 2ರಷ್ಟು ಹೆಚ್ಚು ದೂರ ಹೋಗುತ್ತದೆ. 40 ಡಿಗ್ರಿ ಬಿಸಿಲಿಗೆ ಗಾಳಿ ತೆಳುವಾಗಿ ಇನ್ನೂ ಸ್ವಲ್ಪ. ಮೇ ತಿಂಗಳ ಮಧ್ಯಾಹ್ನದ ದೂರವನ್ನು ಡಿಸೆಂಬರ್ ಬೆಳಗಿನದ್ದಕ್ಕೆ ಹೋಲಿಸಿ ಬೇಸರಪಡಬಾರದು.

ಈಗ ಅಂಕಿ ಓದುವ ಕೆಲಸ. ಮೊದಲು ನೋಡಬೇಕಾದ್ದು ಸ್ಮ್ಯಾಶ್ ಫ್ಯಾಕ್ಟರ್, ಅಂದರೆ ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದ್ದು. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ 1.50 ಸುತ್ತಲೇ ಮೇಲ್ಮಿತಿ, ಕ್ಲಬ್ ಮುಖ ಎಷ್ಟು ಪುಟಿಯಬಹುದು ಎಂಬುದಕ್ಕೆ ನಿಯಮವೇ ಇದೆ. ಆಪ್ 1.56 ತೋರಿಸಿದರೆ ಓದಿಕೆ ತಪ್ಪಿದೆ, ಬಹುಶಃ ಕ್ಲಬ್ ವೇಗ ಕಡಿಮೆ ಹಿಡಿದಿದೆ. ಆ ಹೊಡೆತ ಅಳಿಸಿಹಾಕಿ. 7-ಐರನ್‌ನಲ್ಲಿ 1.33ರಿಂದ 1.37 ಒಳ್ಳೆಯದು. ಕ್ಲಬ್ ವೇಗ 76 ಇದ್ದು ಚೆಂಡಿನ ವೇಗ ಒಮ್ಮೆ 102, ಇನ್ನೊಮ್ಮೆ 92 ಬಂದರೆ ಸ್ವಿಂಗ್ ಕೆಟ್ಟಿಲ್ಲ, ಚೆಂಡು ಮುಖದ ಮಧ್ಯಕ್ಕೆ ತಾಕಿಲ್ಲ. ಎಲ್ಲಿ ತಾಕಿತು ಎಂಬುದನ್ನು ಈ ಯಂತ್ರ ಹೇಳದು. ಕ್ಲಬ್ ಮುಖಕ್ಕೆ ಮುಖದ ಪೌಡರನ್ನು ತೆಳುವಾಗಿ ಸವರಿ ಹೊಡೆಯಿರಿ, ಚೆಂಡಿನ ಗುರುತು ಅಚ್ಚು ಬೀಳುತ್ತದೆ. ಮೊನೆಯ (ಕ್ಲಬ್ ತಲೆಯ ಹೊರತುದಿ) ಕಡೆ ಬಿತ್ತೋ, ಹಿಮ್ಮಡಿಯ (ಕೋಲು ಸೇರುವ ಬದಿ) ಕಡೆ ಬಿತ್ತೋ ಕಣ್ಣಿಗೇ ಕಾಣುತ್ತದೆ.

ಹೋಲಿಕೆಗೆ ಟ್ರ್ಯಾಕ್‌ಮ್ಯಾನ್ ಪ್ರಕಟಿಸಿದ ಟೂರ್ ಸರಾಸರಿಗಳಿವೆ. ಬಹುಕಾಲದಿಂದ ಬಳಕೆಯಲ್ಲಿರುವ ಪಟ್ಟಿಯಲ್ಲಿ ಪಿಜಿಎ ಟೂರ್ (ಪುರುಷರ ವೃತ್ತಿಪರ ಸರಣಿ) ಡ್ರೈವರ್‌ಗೆ ಕ್ಲಬ್ ವೇಗ 113, ಚೆಂಡಿನ ವೇಗ 167, ಲಾಂಚ್ 10.9 ಡಿಗ್ರಿ, ಸ್ಪಿನ್ 2,686, ಕ್ಯಾರಿ 275 ಗಜ. ಮಹಿಳೆಯರ ಎಲ್‌ಪಿಜಿಎಯಲ್ಲಿ ಇದೇ ಕ್ರಮದಲ್ಲಿ 94, 140, 13.2 ಡಿಗ್ರಿ, 2,611, 218 ಗಜ. ಹವ್ಯಾಸಿಗಳು ಎದುರಿಗಿಟ್ಟುಕೊಳ್ಳಬೇಕಾದ್ದು ಎರಡನೆಯ ಸಾಲು. 90 ಮೈಲಿ ಆಸುಪಾಸಿನ ಕ್ಲಬ್ ವೇಗದವರು 113ರವರ ಲಾಂಚ್ ಅನುಕರಿಸಿದರೆ ಚೆಂಡು ಬೇಗ ನೆಲ ಮುಟ್ಟುತ್ತದೆ. ಎಲ್‌ಪಿಜಿಎ ಆಟಗಾರ್ತಿಯರು ಡ್ರೈವರ್ ಅನ್ನು ಸರಾಸರಿ 3 ಡಿಗ್ರಿ ಮೇಲ್ಮುಖವಾಗಿ ಹೊಡೆಯುತ್ತಾರೆ, ಪುರುಷರು 1.3 ಡಿಗ್ರಿ ಕೆಳಮುಖವಾಗಿ. ವೇಗ ಕಡಿಮೆ ಇದ್ದವರಿಗೆ ಎತ್ತರ ಬೇಕು, ಅದನ್ನು ಸ್ಪಿನ್ ಏರಿಸದೆ ಕೊಡುವುದು ಮೇಲ್ಮುಖ ಹೊಡೆತ. ಬೆಂಗಳೂರಿನ ಅದಿತಿ ಅಶೋಕ್ ದೂರದ ಹೊಡೆತಕ್ಕೆ ಹೆಸರಾದವರಲ್ಲ, ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ವೇಗವೊಂದೇ ಆಟವಲ್ಲ ಎಂಬುದಕ್ಕೆ ಕನ್ನಡದವರಿಗೆ ಬೇರೆ ಉದಾಹರಣೆ ಬೇಡ.

ನಿಮ್ಮ ಡ್ರೈವರ್ ಲಾಂಚ್ 7-8 ಡಿಗ್ರಿ, ಅಟ್ಯಾಕ್ ಮೈನಸ್ 4 ತೋರಿಸುತ್ತಿದ್ದರೆ ಹೊಸ ಡ್ರೈವರ್ ಕೊಳ್ಳಲು ಓಡಬೇಡಿ. ಚೆಂಡನ್ನು ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ ತನ್ನಿ, ಚೆಂಡಿನ ಅರ್ಧಭಾಗ ಕ್ಲಬ್ ತಲೆಗಿಂತ ಮೇಲೆ ಕಾಣುವಷ್ಟು ಟೀ (ಚೆಂಡು ಇಡುವ ಪುಟ್ಟ ಗೂಟ) ಎತ್ತರಿಸಿ, ನಿಲ್ಲುವಾಗ ಬಲ ಭುಜ ತುಸು ಕೆಳಗಿರಲಿ. ಈ ಮೂರಕ್ಕೇ ಅಟ್ಯಾಕ್ ಅಂಕಿ ಸೊನ್ನೆಯ ಕಡೆಗೆ ಸರಿಯುವುದನ್ನು ಪರದೆಯಲ್ಲಿ ನೋಡಬಹುದು. ಎಡಗೈ ಆಟಗಾರರು ಎಡ ಬಲ ಅದಲುಬದಲು ಮಾಡಿ ಓದಿಕೊಳ್ಳಿ, ಆಪ್‌ನಲ್ಲೂ ಎಡಗೈ ಎಂದು ಬದಲಿಸಿ.

ಚೆಂಡು ಬಲಕ್ಕೆ ಬಾಗಿ ಹೋಗುವ ಸ್ಲೈಸ್ ವಿಷಯದಲ್ಲಿ ಈ ಯಂತ್ರ ಕೊಟ್ಟ ಹಣ ತೀರಿಸುತ್ತದೆ. ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಲಬ್ ಮುಖ: ಡ್ರೈವರ್‌ನಲ್ಲಿ ಸುಮಾರು ಶೇಕಡ 85, ಐರನ್‌ನಲ್ಲಿ 75. ಉಳಿದದ್ದು ಪಾತ್‌ನದು. ಬಾಗುವುದು ಮುಖಕ್ಕೂ ಪಾತ್‌ಗೂ ನಡುವಿನ ವ್ಯತ್ಯಾಸದಿಂದ. ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್ ಎಂದಿಟ್ಟುಕೊಳ್ಳಿ. ಪಾತ್ ಮೈನಸ್ 5, ಮುಖ ಮೈನಸ್ 1 ಇದ್ದರೆ ಚೆಂಡು ಒಂದೂವರೆ ಡಿಗ್ರಿಯಷ್ಟು ಎಡಕ್ಕೆ ಹೊರಟು, ಪಾತ್‌ಗಿಂತ ಮುಖ 4 ಡಿಗ್ರಿ ತೆರೆದಿರುವುದರಿಂದ ಬಲಕ್ಕೆ ತಿರುಗುತ್ತದೆ. ಇದನ್ನು ನೋಡಿದವರು ಚೆಂಡು ಬಲಕ್ಕೆ ಹೋಗುತ್ತಿದೆ ಎಂದು ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುತ್ತಾರೆ. ಪಾತ್ ಮೈನಸ್ 8 ಆಗುತ್ತದೆ, ಸ್ಲೈಸ್ ದೊಡ್ಡದಾಗುತ್ತದೆ. ತಿದ್ದಬೇಕಾದ್ದು ಪಾತ್. ಮುಖ ಪ್ಲಸ್ 4, ಪಾತ್ ಸೊನ್ನೆ ಇದ್ದವರ ರೋಗ ಬೇರೆ: ಅವರ ಚೆಂಡು ಬಲಕ್ಕೇ ಹೊರಟು ಬಲಕ್ಕೇ ಬಾಗುತ್ತದೆ, ಅವರು ನೋಡಿಕೊಳ್ಳಬೇಕಾದ್ದು ಹಿಡಿತ. ಮೈದಾನದಲ್ಲಿ ನಿಂತವನಿಗೆ ಎರಡೂ ಸ್ಲೈಸೇ. ಬೇರ್ಪಡಿಸುವುದು ಹೊರಟ ದಿಕ್ಕಿನ ಅಂಕಿ, ಅದು ಯಂತ್ರ ಗಟ್ಟಿಯಾಗಿ ಅಳೆಯುವ ಅಂಕಿಗಳಲ್ಲೊಂದು ಎಂಬುದು ನಮ್ಮ ಅದೃಷ್ಟ.

ಒಂದು ಎಚ್ಚರಿಕೆ. ಡ್ರೈವರ್‌ನ ಮೊನೆಗೆ ತಾಕಿದ ಚೆಂಡು ಎಡಕ್ಕೂ, ಹಿಮ್ಮಡಿಗೆ ತಾಕಿದ್ದು ಬಲಕ್ಕೂ ಬಾಗುತ್ತದೆ. ಮಧ್ಯ ತಪ್ಪಿ ತಾಕಿದಾಗ ಕ್ಲಬ್ ತಲೆ ಹೊರಳಿ ಚೆಂಡಿಗೆ ಎದುರು ತಿರುಗು ಕೊಡುವ ಗೇರ್ ಎಫೆಕ್ಟ್ ಅದು. ಲೆಕ್ಕದಿಂದ ಮುಖದ ಕೋನ ಹೇಳುವ ಯಂತ್ರಕ್ಕೆ ಇದು ಕಾಣದು. ಸ್ಮ್ಯಾಶ್ 1.40ಕ್ಕಿಂತ ಕೆಳಗಿಳಿದ ಹೊಡೆತಗಳಲ್ಲಿ ಫೇಸ್ ಆಂಗಲ್ ಓದಲೇಬೇಡಿ. ಪೌಡರ್ ಗುರುತು ಮಧ್ಯದಲ್ಲಿದ್ದ ಹೊಡೆತಗಳನ್ನು ಮಾತ್ರ ಸ್ಲೈಸ್ ಲೆಕ್ಕಕ್ಕೆ ಹಿಡಿಯಿರಿ.

ಐರನ್‌ನಲ್ಲಿ ಮ್ಯಾಟ್ ಮೋಸ ಮಾಡುತ್ತದೆ. ಚೆಂಡಿಗಿಂತ ಎರಡಿಂಚು ಹಿಂದೆ ನೆಲಕ್ಕೆ ತಾಕಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ಹೋಗುತ್ತದೆ, ಅಂಕಿ ಚೆನ್ನಾಗಿಯೇ ಬರುತ್ತದೆ. ಹುಲ್ಲಿನ ಮೇಲೆ ಅದೇ ಹೊಡೆತ ಅರ್ಧ ದೂರ ಹೋಗುವುದಿಲ್ಲ. ಚೆಂಡಿನ ಹಿಂದೆ ನಾಲ್ಕಿಂಚು ಬಿಟ್ಟು ಟವೆಲ್ ಮಡಿಸಿಟ್ಟು ಹೊಡೆಯಿರಿ. ಟವೆಲ್ ಹಾರಿತೆಂದರೆ ಆ ಅಂಕಿಗೆ ಬೆಲೆಯಿಲ್ಲ. 7-ಐರನ್ ಲಾಂಚ್ ಹೋಲಿಸುವ ಮುನ್ನ ನಿಮ್ಮ ಕ್ಲಬ್ಬಿನ ಲಾಫ್ಟ್ (ಮುಖದ ಓರೆ) ತಿಳಿದುಕೊಳ್ಳಿ. ಕೆಲವು ಸೆಟ್‌ಗಳಲ್ಲಿ 28 ಡಿಗ್ರಿ, ಕೆಲವುದರಲ್ಲಿ 34. ಹೆಸರು ಒಂದೇ ಆದರೂ ಒಂದಕ್ಕೂ ಇನ್ನೊಂದಕ್ಕೂ ಒಂದೂವರೆ ಕ್ಲಬ್ಬಿನ ಅಂತರ.

ಪ್ರತಿ ಕ್ಲಬ್ ದೂರ ಬರೆದಿಟ್ಟುಕೊಳ್ಳುವಾಗ ಅತಿ ದೂರ ಹೋದದ್ದನ್ನು ಬರೆಯುವ ಚಟ ಎಲ್ಲರಿಗೂ ಇದೆ. ಒಂಬತ್ತು ಚೆಂಡು ಹೊಡೆದು, ಕ್ಯಾರಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಐದನೆಯದನ್ನು ಬರೆಯಿರಿ. ಕ್ಲಬ್ ಬದಲಿಸಿದಾಗ ಆಪ್‌ನಲ್ಲೂ ಬದಲಿಸದಿದ್ದರೆ ದಾಖಲೆಯೆಲ್ಲ ಕಲಸಿಹೋಗುತ್ತದೆ. ಒಂದು ಅಭ್ಯಾಸಕ್ಕೆ ಒಂದೇ ಅಂಕಿ ಇಟ್ಟುಕೊಂಡು ಕೆಲಸ ಮಾಡಿ, ಉಳಿದ ಕಾಲಂಗಳನ್ನು ಪರದೆಯಿಂದ ಮರೆಮಾಡಿ. ಹದಿನೈದು ಅಂಕಿ ನೋಡುತ್ತ ಹೊಡೆಯುವವರ ಸ್ವಿಂಗ್ ತಿದ್ದಿದ್ದು ಕಾಣೆವು.

ಬಿಸಿಲು ಮತ್ತು ದೂಳು. ಆರ್10ಗೆ ಐಪಿಎಕ್ಸ್7 ದರ್ಜೆಯಿದೆ, ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆ ಎಕ್ಸ್ ಇರುವುದು ದೂಳಿನ ಅಂಕಿಯ ಜಾಗದಲ್ಲಿ, ದೂಳಿಗೆ ದರ್ಜೆ ಕೊಟ್ಟಿಲ್ಲ ಎಂದರ್ಥ. ಸಂಡೂರು ರಸ್ತೆಯ ಕೆಂಪು ದೂಳು ಕಂಡವರಿಗೆ ಇದರ ಮಹತ್ವ ಬೇರೆ ಹೇಳಬೇಕಿಲ್ಲ. ಚಾರ್ಜಿಂಗ್ ಜಾಗದ ಮುಚ್ಚಳ ಹಾಕಿಯೇ ಬಳಸಿ, ಮೆತ್ತನೆ ಬ್ರಷ್‌ನಿಂದ ಒರೆಸಿ, ಜಿಪ್ ಇರುವ ಚೀಲದಲ್ಲಿಡಿ. ಫೋನು ಯಂತ್ರಕ್ಕಿಂತ ಮೊದಲು ಕೈಕೊಡುತ್ತದೆ. ಐಫೋನನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಎಂದು ಆಪಲ್ ಹೇಳುತ್ತದೆ, ಏಪ್ರಿಲ್‌ನಲ್ಲಿ ನಮ್ಮಲ್ಲಿ ಆ ಗಡಿ ಬೆಳಗಿನ ಹೊತ್ತಿಗೇ ದಾಟುತ್ತದೆ. ಸ್ವಿಂಗ್ ವಿಡಿಯೊ ಕೂಡ ಹಿಡಿಯುತ್ತಿದ್ದರೆ ಇನ್ನೂ ಬೇಗ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಆರರಿಂದ ಎಂಟರೊಳಗೆ ಮುಗಿಸಿ, ಫೋನಿಗೆ ಕೊಡೆಯ ನೆರಳಿರಲಿ. ಮನೆಗೆ ಬಂದ ಕೂಡಲೇ ಬಿಸಿ ಯಂತ್ರವನ್ನು ಚಾರ್ಜಿಗೆ ಹಾಕಬೇಡಿ, ತಣಿಯಲು ಬಿಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬಿಡಲೇಬೇಡಿ.

ಇದೇ ಆಸುಪಾಸಿನ ಬೆಲೆಯಲ್ಲಿ ರಾಪ್ಸೋಡೋ ಎಂಎಲ್‌ಎಂ2ಪ್ರೊ ಇದೆ. ರಾಡಾರ್ ಜೊತೆಗೆ ಕ್ಯಾಮೆರಾ ಇರುವುದರಿಂದ ಗುರುತು ಮುದ್ರಿಸಿದ ಚೆಂಡು ಬಳಸಿದರೆ ಸ್ಪಿನ್ ನೇರವಾಗಿ ಅಳೆಯುತ್ತದೆ, ಆದರೆ ಅದರ ಬಹಳ ಸೌಲಭ್ಯಗಳು ಚಂದಾದ ಹಿಂದಿವೆ. ನೆಟ್‌ನಲ್ಲೇ ಹೆಚ್ಚು ಹೊಡೆಯುವವರು ಅದನ್ನು ನೋಡಲಿ. ಬಯಲು ಸಿಗುವ ನಮ್ಮ ಕಡೆಯವರಿಗೆ ಆರ್10 ಸಾಕು, ಮುಖ್ಯವಾಗಿ ಸ್ಲೈಸ್ ಬಿಡಿಸಿಕೊಳ್ಳಬೇಕಾದವರಿಗೆ ಮತ್ತು ತಮ್ಮ ಕ್ಲಬ್ ದೂರಗಳು ಗೊತ್ತಿಲ್ಲದವರಿಗೆ. ಆಟ ಶುರು ಮಾಡಿ ಇನ್ನೂ ಚೆಂಡು ಮೇಲೇಳದವರು ಆ ಹಣದಲ್ಲಿ ಬೆಂಗಳೂರಿಗೆ ಹೋಗಿ ಕೋಚ್ ಬಳಿ ಕೆಲವು ಪಾಠ ತೆಗೆದುಕೊಂಡು ಬರಲಿ, ಯಂತ್ರ ಆಮೇಲೆ.

ಕೊಳ್ಳುವುದಾದರೆ ಹೊರದೇಶದಿಂದ ಯಾರೋ ತರುತ್ತಾರೆ ಎಂಬ ಆಸೆಗೆ ಬೀಳುವ ಮುನ್ನ ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಚಾರ್ಜಿಂಗ್‌ಗೆ ಹಳೆಯ ಮೈಕ್ರೋ ಯುಎಸ್‌ಬಿ ಪಿನ್ ಬೇಕು, ಈಗಿನ ಫೋನಿನ ಟೈಪ್ ಸಿ ಕೇಬಲ್ ಹೊಂದುವುದಿಲ್ಲ. ಬ್ಯಾಗಿನಲ್ಲಿ ಅಂಥ ಕೇಬಲ್ ಇನ್ನೊಂದು ಇಟ್ಟುಕೊಂಡಿರಿ.